ರಣಕ್ರೀಡೆಯ ಎಲೆಗಳ ಸಂರಕ್ಷಣೆ
(ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಲೆಯಾಟವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಪಾಲಕರಲ್ಲಿ ಕೆಲವರ ಹುಬ್ಬು ಮೇಲೇರುವುದನ್ನು ನಾವು ಬಲ್ಲೆವು. ಇಸ್ಪೀಟೆಂದರೆ ಜೂಜು, ಜೂಜೆಂದರೆ ಮನೆಹಾಳು ಎಂಬ ಭಯವು ಹಿರಿಯರಿಗೆ ಅಕಾರಣವಾಗಿ ಬಂದುದಲ್ಲ. ಆದರೆ ನಾವಿಂದು ಆಡಹೊರಟಿರುವುದು ಹಣ ಕಟ್ಟುವ ಎಲೆಗಳ ಮಾತನ್ನಲ್ಲ. ಮೇಜಿನ ಮೇಲೆ ಭೂಪಟವನ್ನು ಹರಡಿಕೊಂಡು ಇತಿಹಾಸದ ಸಮರಗಳನ್ನು ಬುದ್ಧಿಬಲದಿಂದ ಆಡುವ ರಣಕ್ರೀಡೆಯ ಎಲೆಗಳ ಮಾತನ್ನು. ಯುದ್ಧಕ್ಕೂ ಎಲೆಗಳಿಗೂ ನಂಟು ಹೊಸದೇನಲ್ಲ. ಅಕ್ಬರನ ಆಸ್ಥಾನದ ಗಂಜೀಫಾ ಎಲೆಗಳಲ್ಲಿ ಅಶ್ವಪತಿ, ಗಜಪತಿ, ನರಪತಿ ಎಂಬ ಬಣಗಳಿದ್ದುವೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಿಂದ ತಿಳಿದುಬರುತ್ತದೆ.

ಮೇಜಿನ ಮೇಲಿನ ರಣಕ್ರೀಡೆಯ ನಿಯಮಗಳನ್ನು 1824ರಲ್ಲಿ ಪ್ರಷ್ಯಾ ದೇಶದ ಸೈನ್ಯಾಧಿಕಾರಿ ರೈಸ್ವಿಟ್ಸ್ ಎಂಬವನು ಪ್ರಕಟಿಸಿದನು. ಆ ದೇಶದ ಸೇನೆಯು ಅದನ್ನು ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು. ಎಲೆಗಳೇ ಆಟವನ್ನು ನಡೆಯಿಸುವ ಪದ್ಧತಿಯಾದರೋ ತೀರ ಈಚಿನದು. ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಕುರಿತು ಮಾರ್ಕ್ ಹರ್ಮನ್ ಎಂಬವರು 1993ರಲ್ಲಿ ರಚಿಸಿದ ಆಟದಿಂದ ಅದು ಪ್ರಚಾರಕ್ಕೆ ಬಂದಿತು. ನಮ್ಮ ಮೇಲಿನ ತರಗತಿಯ ಮಕ್ಕಳು ಆಡುತ್ತಿರುವ ‘ಟ್ವೈಲೈಟ್ ಸ್ಟ್ರಗಲ್’ ಇದೇ ವಂಶದ್ದು. 2005ರಲ್ಲಿ ಹೊರಬಂದ ಈ ಆಟದ ವಸ್ತುವು 1945ರಿಂದ 1989ರವರೆಗಿನ ಶೀತಲ ಸಮರ. ಕೊರಿಯದ ಯುದ್ಧ, ಸುಯೆಜ್ ಬಿಕ್ಕಟ್ಟು, ಭಾರತ–ಪಾಕಿಸ್ತಾನ ಯುದ್ಧ, ಎಲ್ಲವೂ ಒಂದೊಂದು ಎಲೆ. ಈಗ ದೊರೆಯುವ ಪರಿಷ್ಕೃತ ಆವೃತ್ತಿಯಲ್ಲಿ ಎಲೆಗಳು 110.

ಇವಿಷ್ಟನ್ನು ಕಾಪಾಡಲು ಒಂದು ಭಾಷಣವೇಕೆ ಎಂದು ಕೇಳಬಹುದು. ಇಸ್ಪೀಟಿನ ಕಟ್ಟಿನಲ್ಲಿ ಒಂದೆಲೆ ಹರಿದರೆ ಅಂಗಡಿಯಲ್ಲಿ ಬೇರೆ ಕಟ್ಟು ಸಿಕ್ಕೀತು. ಇಲ್ಲಿ ಹಾಗಲ್ಲ, ಒಂದು ಎಲೆಯಂತೆ ಇನ್ನೊಂದಿಲ್ಲ. ಅದಕ್ಕಿಂತಲೂ ಮುಖ್ಯವಾದುದೆಂದರೆ, ಈ ಆಟವೆಲ್ಲ ನಿಂತಿರುವುದು ಗುಟ್ಟಿನ ಮೇಲೆ. ಎದುರಾಳಿಯ ಕೈಯಲ್ಲಿರುವ ಎಂಟೊಂಬತ್ತು ಎಲೆಗಳಾವುವೆಂದು ನಮಗೆ ತಿಳಿಯಬಾರದು. ಒಂದು ಭೂಭಾಗದಲ್ಲಿ ಯಾರ ಕೈ ಮೇಲೆಂದು ಲೆಕ್ಕಹಾಕುವ ಎಲೆಗಳು ಕೆಲವುಂಟು. ಅವು ಕೈಗೆ ಬಂದ ಸುತ್ತಿನಲ್ಲಿಯೇ ಆಡಿ ಮುಗಿಸತಕ್ಕವು. ಏಷ್ಯಾದ ಲೆಕ್ಕದ ಎಲೆಯ ಮೂಲೆ ಮಡಿಚಿಹೋಗಿದ್ದರೆ ಅಥವಾ ಬೆನ್ನಮೇಲೆ ಚಹದ ಕಲೆಯಿದ್ದರೆ, ಎದುರು ಕುಳಿತವನು ಅದನ್ನು ಬೆನ್ನಿನಿಂದಲೇ ಗುರುತಿಸುತ್ತಾನೆ. ಆತನು ಮೋಸಗಾರನಲ್ಲದಿರಬಹುದು, ಕಣ್ಣಿಗೆ ಬಿದ್ದುದನ್ನು ಕಾಣದಿರುವುದು ಯಾರಿಗೆ ಸಾಧ್ಯ? ಅಲ್ಲಿಗೆ ಆಟವು ಕೆಟ್ಟಿತು. ಕೆಲವೊಮ್ಮೆ ಗೆಳೆತನವೂ ಕೆಟ್ಟೀತು.

ಆದಕಾರಣ ಪ್ರತಿಯೊಂದು ಎಲೆಗೂ ಪ್ಲಾಸ್ಟಿಕ್ಕಿನ ತೆಳುಚೀಲ ತೊಡಿಸುವ ವಾಡಿಕೆಯುಂಟು. ಚೀಲವು ಪಾಲಿಪ್ರೊಪಿಲೀನಿನದಾಗಿರಬೇಕು. ಪಿ.ವಿ.ಸಿ.ಯನ್ನು ಮೃದುಗೊಳಿಸಲು ಬೆರೆಸಿದ ದ್ರವ್ಯಗಳು ಕಾಲಕ್ರಮದಲ್ಲಿ ಹೊರಸೂಸಿ ಮುದ್ರಣವನ್ನು ಕೆಡಿಸುತ್ತವೆ. ವಿದ್ಯಾರ್ಥಿಗಳೇ, ಇಲ್ಲೊಂದು ಲೆಕ್ಕ ಮಾಡಿರಿ: ಚೀಲದ ಒಂದು ಮೈ 100 ಮೈಕ್ರಾನ್ ದಪ್ಪವಿದ್ದರೆ ಎಲೆಯೊಂದಕ್ಕೆ 0.2 ಮಿಲಿಮೀಟರು, 110 ಎಲೆಗಳಿಗೆ 22 ಮಿಲಿಮೀಟರು ಹೆಚ್ಚುತ್ತದೆ. ಮೊದಲಿನ ಗೂಡಿನಲ್ಲಿ ಕಟ್ಟು ಹಿಡಿಸದಿದ್ದರೆ ಅದನ್ನು ತುರುಕಲು ಹೋಗದೆ ಬೇರೆ ಪೆಟ್ಟಿಗೆ ಹುಡುಕುವುದು ಲೇಸು.

ಚೀಲದಿಂದ ನಮ್ಮಂಥವರಿಗೆ ಇನ್ನೊಂದು ಲಾಭವಿದೆ. ನಮಗೆ ಅದೇ ದೊಡ್ಡದಾಗಿ ತೋರುತ್ತದೆ. ನಮ್ಮ ಎಲೆಗಳ ಮೇಲಿನ ಬರಹ ಇಂಗ್ಲಿಷಿನದು. ಕನ್ನಡದಲ್ಲಿ ಓದುವ ಮಗುವಿಗೆ ಅದು ಗೋಡೆಯಂತೆ ಅಡ್ಡನಿಲ್ಲುತ್ತದೆ. ಎಲೆಯ ಮೇಲೆ ಗೀಚದೆ, ಅಂಟು ಹಚ್ಚದೆ, ಕನ್ನಡದಲ್ಲಿ ಬರೆದ ತೆಳು ಚೀಟಿಯೊಂದನ್ನು ಅದರ ಮುಂಬದಿಗೆ ಚೀಲದೊಳಗೆ ಸೇರಿಸಬಹುದು. ‘ವಸಾಹತು ವಿಮೋಚನೆ’, ‘ಬರ್ಲಿನ್ ದಿಗ್ಬಂಧನ’ ಎಂದು ಮಕ್ಕಳೇ ಪದ ಹುಡುಕಿ ಬರೆಯಲಿ. ಭಾಷಾಂತರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸಪುಸ್ತಕ ನಮಗೆ ತೋರದು. ಆದರೆ ಎಚ್ಚರಿಕೆ! ಚೀಟಿ ಇರಿಸುವುದಾದರೆ 110ಕ್ಕೂ ಒಂದೇ ಕಾಗದದ ಚೀಟಿಯಿರಬೇಕು. ಹತ್ತಕ್ಕೆ ಇಟ್ಟು ಉಳಿದವನ್ನು ಬಿಟ್ಟರೆ ಬೆರಳೇ ಗುಟ್ಟನ್ನು ಹೇಳಿಬಿಡುತ್ತದೆ.

ಇನ್ನು ವಿಂಗಡಣೆ. ಈ ಆಟದ ಎಲೆಗಳು ಸಮರದ ಆದಿ, ಮಧ್ಯ, ಅಂತ್ಯ ಎಂದು ಮೂರು ಕಾಲಕ್ಕೆ ಸೇರಿದವು. ಆದಿಕಾಲದವುಗಳಿಂದ ಆಟ ತೊಡಗುತ್ತದೆ. ನಾಲ್ಕನೆಯ ಸುತ್ತಿನಲ್ಲಿ ಮಧ್ಯಕಾಲದವು, ಎಂಟನೆಯದರಲ್ಲಿ ಅಂತ್ಯಕಾಲದವು ಬಂದು ಕೂಡುತ್ತವೆ. ನಕ್ಷತ್ರ ಚಿಹ್ನೆಯ ಘಟನೆ ಒಮ್ಮೆ ನಡೆದರೆ ಆ ಎಲೆ ಆಟದಿಂದಲೇ ಹೊರಗೆ. ಹೀಗಾಗಿ ಆಟ ಮುಗಿಯುವಷ್ಟರಲ್ಲಿ ಎಲ್ಲವೂ ಕಲಸುಮೇಲೋಗರ. ಮರುದಿನ ವಿಂಗಡಿಸೋಣವೆಂದು ಬಿಟ್ಟರೆ ಮರುದಿನದ ಆಟಗಾರರ ಅರ್ಧಗಂಟೆ ವ್ಯರ್ಥ. ಎಲೆಗಳಿಗೆ ಕ್ರಮಸಂಖ್ಯೆಯಿದೆ, ಎದ್ದೇಳುವ ಮುನ್ನ ಮೂರು ಕಟ್ಟು ಮಾಡಿ ಎಣಿಸಿಡುವುದು ಸೋತವನ ಕೆಲಸವೋ ಗೆದ್ದವನದೋ ಎಂಬ ವಾದವನ್ನು ನಾವು ಮಕ್ಕಳಿಗೇ ಬಿಟ್ಟಿದ್ದೇವೆ. ರಬ್ಬರು ಪಟ್ಟಿ ಮಾತ್ರ ಬೇಡವೇ ಬೇಡ. ಅದು ಅಂಚನ್ನು ಕಚ್ಚುತ್ತದೆ, ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ಕಾಗದದ ಪಟ್ಟಿ ಸಾಕು.

ಕೊನೆಯದಾಗಿ ನಮ್ಮ ಕಾಸರಗೋಡಿನ ಮಳೆಗಾಲ. ಕಾಗದದ ನಾರು ತೇವವನ್ನು ಹೀರಿ ಉಬ್ಬುತ್ತದೆ. ಎರಡು ಮೈಗಳೂ ಸಮನಾಗಿ ಉಬ್ಬದಿರುವುದರಿಂದ ಎಲೆ ಬಾಗುತ್ತದೆ. ಬಾಯಿ ತೆರೆದ ಚೀಲವು ಕೈಯ ಬೆವರನ್ನು ತಡೆದೀತೇ ಹೊರತು ಆಟಿಯ ಗಾಳಿಯನ್ನು ತಡೆಯದು. ತಾಳೆಗರಿಯ ಗ್ರಂಥಗಳನ್ನು ನಮ್ಮ ಪೂರ್ವಿಕರು ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದುದು ಸುಮ್ಮನೆಯಲ್ಲ. ಎಲೆಗಳನ್ನೂ ಸಡಿಲವಾಗಿ ಬಿಡದೆ, ಒತ್ತಾಗಿ ನಿಲ್ಲಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಬೇಕು. ಜೊತೆಗೆ ತೇವ ಹೀರುವ ಸಿಲಿಕಾ ಹರಳುಗಳಿರಲಿ. ಅವು ತಣಿದಮೇಲೆ ದೊಡ್ಡವರು ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಉಪಯೋಗಕ್ಕೆ ಬರುತ್ತವೆ. ಹೊಸ ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಈ ಹರಳಿನ ಪೊಟ್ಟಣಗಳು ದೊರೆಯುವುದನ್ನು ತಾವು ಕಂಡಿರಬಹುದು. ಅವನ್ನು ಎಸೆಯದೆ, ಎಳೆಯರ ಬಾಯಿಗೆ ಸಿಗದಂತೆ ಎತ್ತಿಟ್ಟು, ಮಳೆಗಾಲದ ಮುಂಚೆ ಶಾಲೆಗೆ ತಲಪಿಸಬೇಕೆಂದು ಪಾಲಕರಲ್ಲಿ ನಮ್ಮ ಬಿನ್ನಹ.