ಬೇರು ಮೇಲಾದ ಮರ

ಗಣಕಶಾಸ್ತ್ರದ ಮರಕ್ಕೆ, ಗೀತೆಯ ಅಶ್ವತ್ಥದಂತೆ, ಬೇರು ಮೇಲೆ, ಕೊಂಬೆಗಳು ಕೆಳಗೆ. ಮಾಹಿತಿಯನ್ನು ಬೇಗ ಹುಡುಕಲು ಅನುವಾಗುವಂತೆ ಜೋಡಿಸಿಡುವ ಒಂದು ಕ್ರಮವದು.

ನಮ್ಮ ಸೀಮೆಯ ನಾಲ್ಕು ಊರುಗಳನ್ನೇ ತೆಗೆದುಕೊಳ್ಳೋಣ. ಅಕಾರಾದಿಯಲ್ಲಿ ಅವು ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿ. ಬೈಲಹೊಂಗಲವನ್ನು ಬೇರಿನಲ್ಲಿರಿಸಿದರೆ, ಮೊದಲು ಬರುವ ಕಿತ್ತೂರು ಎಡಗೊಂಬೆಗೆ, ಅನಂತರದ ರಾಮದುರ್ಗ ಬಲಗೊಂಬೆಗೆ, ಸವದತ್ತಿ ರಾಮದುರ್ಗದ ಬಲಕ್ಕೆ. ಯಾವ ಊರಾದರೂ ಮೂರು ಹೋಲಿಕೆಗಳೊಳಗೆ ಸಿಕ್ಕುತ್ತದೆ. ಒಂದೊಂದು ಹೋಲಿಕೆಯೂ ಉಳಿದವುಗಳಲ್ಲಿ ಸುಮಾರು ಅರ್ಧವನ್ನು ಬದಿಗೆ ಸರಿಸುವುದರಿಂದ, ಸಮನಾಗಿ ಹರಡಿದ ಮರದಲ್ಲಿ ಹತ್ತು ಲಕ್ಷ ಹೆಸರುಗಳಿಗೂ 20 ಹೋಲಿಕೆ ಸಾಕು.

ಆದರೆ ಅಚ್ಚುಕಟ್ಟಾದ ಗುಮಾಸ್ತನೊಬ್ಬ ಹೆಸರುಗಳನ್ನು ಅಕಾರಾದಿಯಲ್ಲೇ ಒಂದೊಂದಾಗಿ ಸೇರಿಸುತ್ತ ಹೋದನೆನ್ನಿ. ಪ್ರತಿಯೊಂದೂ ಹಿಂದಿನದರ ಬಲಕ್ಕೇ ಜೋತುಬಿದ್ದು ಮರ ಹಗ್ಗವಾಗುತ್ತದೆ. ಹತ್ತು ಲಕ್ಷದ ಕಡೆಯ ಹೆಸರಿಗೆ ಹತ್ತು ಲಕ್ಷ ಹೋಲಿಕೆ!

ಇದು ಬರಿಯ ಪಂಡಿತರ ಚಿಂತೆಯಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ನಾಡಿನ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಬಿತ್ತನೆಯ ಕೆಲಸ ಬಿಟ್ಟು ಬಂದು ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ರೈತನಿಗೆ ‘ಸಾಮಾನ್ಯವಾಗಿ ಬೇಗ ಸಿಗುತ್ತದೆ’ ಎಂಬ ಮಾತು ಸಾಲದು. ‘ಎಷ್ಟೇ ಕೆಟ್ಟರೂ ಇದಕ್ಕಿಂತ ತಡವಾಗದು’ ಎಂಬ ಭರವಸೆ ಬೇಕು. ಗಣಿತ ಕೊಡಬಲ್ಲುದು ಅಂಥ ಭರವಸೆಯನ್ನೇ.

1962ರಲ್ಲಿ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಒಂದು ಕಟ್ಟಳೆ ವಿಧಿಸಿದರು. ಯಾವ ಕವಲಿನಲ್ಲಿಯೂ ಎಡಬಲಗಳ ಎತ್ತರಕ್ಕೆ ಒಂದು ಅಂತಸ್ತಿಗಿಂತ ಹೆಚ್ಚಿನ ಅಂತರ ಕೂಡದು. ಅಂತರ ಮೀರಿದರೆ ಕೊಂಬೆಗಳನ್ನು ತಿರುಗಿಸಿ ಸರಿದೂಗಿಸಬೇಕು. ಈ ಕಟ್ಟಳೆಯೊಳಗೆ ಅತ್ಯಂತ ವಿರಳವಾದ ಮರದಲ್ಲಿ ಎಷ್ಟು ಹೆಸರುಗಳಿರುತ್ತವೆ? ಬೇರಿನದೊಂದು ಹೆಸರು, ಅದರ ಕೆಳಗೆ ಒಂದು ಅಂತಸ್ತು ಕಡಿಮೆಯ ಮರವೊಂದು, ಎರಡು ಕಡಿಮೆಯದೊಂದು. ಹೀಗೆ ಒಂದರಿಂದ ಐದು ಅಂತಸ್ತುಗಳಿಗೆ ಕ್ರಮವಾಗಿ 1, 2, 4, 7, 12. ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿ: 2, 3, 5, 8, 13. ಹಿಂದಿನ ಎರಡರ ಮೊತ್ತವೇ ಮುಂದಿನದು.

ನನಗೆ ಈ ಲೆಕ್ಕ ಪ್ರಿಯವಾದದ್ದು ಇಲ್ಲಿಯೇ. ಛಂದಸ್ಸು ಬಲ್ಲವರಿಗೆ ಈ ಸಂಖ್ಯೆಗಳು ಹಳೆಯ ನಂಟರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಯ ಗಣ 2 ಬಗೆ, ಮೂರರದು 3, ನಾಲ್ಕರದು 5, ಐದರದು 8, ಆರರದು 13. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದಿರುವುದು ಒಂದು ಮಾತ್ರೆ ಕಡಿಮೆಯ ವಿನ್ಯಾಸ. ಗುರುವಾದರೆ ಎರಡು ಕಡಿಮೆಯದು. 12ನೆಯ ಶತಮಾನದಲ್ಲಿ ಹೇಮಚಂದ್ರ ಈ ಕ್ರಮವನ್ನು ಹೇಳಿದ್ದಾನೆ. ಪದ್ಯಕ್ಕಾಗಿ ಎಣಿಸಿದ ಆ ಲೆಕ್ಕವೇ ಗಣಕದ ಮರಕ್ಕೆ ಅಳತೆಗೋಲಾಯಿತು. ಅದರಿಂದ ಅಳೆದರೆ, ಈ ಕಟ್ಟಳೆಗೆ ಒಳಪಟ್ಟ ಹತ್ತು ಲಕ್ಷ ಹೆಸರುಗಳ ಮರ ಎಂದೂ 28 ಅಂತಸ್ತುಗಳನ್ನು ಮೀರಲಾರದು.