ಹಡಗಿನ ಪಟ್ಟಿಯಲ್ಲಿ ನಮ್ಮ ಕೇರಿ



ದಕ್ಷಿಣ ಆಫ್ರಿಕಾದ ಡರ್ಬನ್ನಿಂದ, ಮಾರಿಷಸ್ಸಿನಿಂದ ಕೆಲವು ಕುಟುಂಬಗಳು ಮಕ್ಕಳು ಮರಿ ಕರಕೊಂಡು ನಮ್ಮ ದೇಶಕ್ಕೆ ಬರ್ತಾರೆ. ಮುತ್ತಾತನ ಊರು ಹುಡುಕೋದಕ್ಕೆ. ನಾಳೆ ಅಂಥದೊಂದು ಕುಟುಂಬ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಿಮ್ಮನ್ನೇ ದಾರಿ ಕೇಳಿದರೆ ಏನು ಹೇಳ್ತೀರಿ?

ಮೊದಲು ಅವರ ಹಿರಿಯರು ಹೋದ ಕತೆ ಕೇಳಿ. ಮದ್ರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಕರಾರಿನ ಮೇಲೆ ನಟಾಲ್‌ಗೆ ಹೋದವರು 1,52,184 ಮಂದಿ. ಹೆಚ್ಚಿನವರು ಮದ್ರಾಸಿನಲ್ಲೇ ಹಡಗು ಹತ್ತಿದವರು. ಐದು ವರ್ಷದ ‘ಅಗ್ರಿಮೆಂಟ್’. ಅದೇ ಜನರ ಬಾಯಲ್ಲಿ ‘ಗಿರ್ಮಿಟ್’. ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗ್ ಕೂಲಿ. ಕಬ್ಬಿನ ತೋಟದಲ್ಲಿ ಚಾಟಿಯೇಟೂ ಇತ್ತು. ಕರಾರು ಮುಗಿಸಿ ಅಲ್ಲೇ ಉಳಿದವರ ಮೇಲೆ 1895ರ ಕಾನೂನು ವರ್ಷಕ್ಕೆ 3 ಪೌಂಡ್ ತೆರಿಗೆ ಹೇರಿತು. ಅಂದ್ರೆ ಮೊದಲ ವರ್ಷದ ಕೂಲಿಯಲ್ಲಿ ಆರು ತಿಂಗಳದ್ದು.

ಆದರೂ ಯಾಕೆ ಹೋದರು? 1876–78ರ ಬರ ಒಂದು ಕಾರಣ. ಜೀತ ಇನ್ನೊಂದು. ಗಿರ್ಮಿಟ್‌ಗೆ ಐದು ವರ್ಷದ ಗಡುವಿತ್ತು. ಒಡೆಯನ ಮನೆ ಜೀತಕ್ಕೆ ಗಡುವೇ ಇಲ್ಲ. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ.

ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು. ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗಾಯದ ಗುರುತು ಕೂಡ ಬರೆದಿದ್ದಾರೆ. ಊರಲ್ಲೇ ಉಳಿದ ನಮ್ಮ ಮುತ್ತಾತಂದಿರ ಹೆಸರು ಎಲ್ಲಿದೆ? ಜಮೀನಿದ್ದವರ ಹೆಸರು ಪಟ್ಟಾದಲ್ಲಿದೆ. ನಮ್ಮವರಿಗೆ ಜಮೀನೇ ಇರಲಿಲ್ಲ. ಸಮುದ್ರ ದಾಟಿದವರಿಗೆ ಒಂದು ಸಾಲಾದರೂ ಉಳಿಯಿತು.

ಆ ಸಾಲು ಹಿಡಕೊಂಡು ಬಂದವರಿಗೂ ದಾರಿ ಸುಲಭವಲ್ಲ. ಆಗ ಹೊಸೂರು ಸೇಲಂ ಜಿಲ್ಲೆ, ಈಗ ಕೃಷ್ಣಗಿರಿ. ಆದವಾನಿ, ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆ, ಈಗ ಆಂಧ್ರ. ಊರಿನ ಹೆಸರನ್ನು ಗುಮಾಸ್ತ ತನ್ನ ಕಿವಿಗೆ ಕೇಳಿದ ಹಾಗೆ ಬರೆದಿದ್ದಾನೆ. ಎಲ್ಲಾ ದಾಟಿ ಊರಿಗೆ ಬಂದು ದೊಡ್ಡ ಬೀದಿಯಲ್ಲಿ ವಿಚಾರಿಸಿದರೆ, “ಆ ಹೆಸರಿನವರು ಇಲ್ಲಿ ಇರಲೇ ಇಲ್ಲ” ಅಂತಾರೆ. ಕೇರಿಗೆ ಕರಕೊಂಡು ಬರೋರು ಯಾರು?

ನೀವೇ ಬರಬೇಕು. ಹಡಗು ಹತ್ತುವಾಗ ಕೆಲವರು ಬೇರೆ ಜಾತಿ ಬರೆಸಿದ್ದೂ ಉಂಟು. ಮೊಮ್ಮಕ್ಕಳಿಗೆ ಅದು ಗೊತ್ತಿರೋದಿಲ್ಲ. ನಗಬೇಡಿ. ಬಾವಿ ಮುಟ್ಟಬೇಡ ಅನ್ನಿಸಿಕೊಂಡವನು ಕಂಡುಕೊಂಡ ದಾರಿ ಅದು. ಬಂದವರಿಗೆ ನಾಚಿಕೆ ಇಲ್ಲದೆ ಹೇಳಿ: ಇದು ನಮ್ಮ ಕೇರಿ, ನಿಮ್ಮ ಹಿರಿಯರು ಇಲ್ಲಿಯವರೂ ಇರಬಹುದು, ಬನ್ನಿ, ನೀರು ಕುಡೀರಿ.

ಹೇಳೋದಕ್ಕೆ ನಮಗೆ ಮೊದಲು ಗೊತ್ತಿರಬೇಕಲ್ಲ? ಅದಕ್ಕೆ ಈ ವರ್ಷ ಸಂಘ ಒಂದು ನೋಟ್‌ಬುಕ್ ತೆಗೆದು ಮನೆಮನೆಗೆ ಹೋಗಲಿ. ಅಜ್ಜ, ಮುತ್ತಾತನ ಹೆಸರು ಬರೀರಿ. ಅಜ್ಜಿಯ ಹೆಸರು, ಅವಳ ತವರೂರು ಬಿಡಬೇಡಿ. ಮನೆದೇವರು, ಕೇರಿಯ ಹಳೇ ಹೆಸರು, ಹೂಳುವ ಜಾಗ, ದುಡಿಯೋಕೆ ಹೋದವರು ಹೋದ ಕಡೆ, ವಾಪಸು ಬಾರದವರು, ಎಲ್ಲಾ ಬರೀರಿ. ಎಂಬತ್ತು ದಾಟಿದವರ ಮನೆಯಿಂದ ಶುರು ಮಾಡಿ, ಅವರು ಕಾಯೋದಿಲ್ಲ.

ಡರ್ಬನ್ನಿನವರು ಬಂದರೂ ಸರಿ, ಬಾರದಿದ್ದರೂ ಸರಿ, ಆ ನೋಟ್‌ಬುಕ್ ನಮ್ಮ ಮಕ್ಕಳಿಗೆ ಬೇಕು. ಜೈ ಭೀಮ್.