ಸವೆದ ರೂಪಾಯಿಯ ಬೆಲೆ



ನಾಣ್ಯ ಸಂಗ್ರಹವೆಂದರೆ ಶ್ರೀಮಂತರ ಹವ್ಯಾಸವೆಂದು ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಅಚ್ಚು ಮಾಸದ ನಾಣ್ಯ ದುಬಾರಿ. ಆದರೆ ಕೈಯಿಂದ ಕೈಗೆ ದಾಟಿ ಸವೆದ, ಸಾಮಾನ್ಯ ಇಸವಿಯ ಬೆಳ್ಳಿ ರೂಪಾಯಿ ಬಹುಮಟ್ಟಿಗೆ ಅದರ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ದೊರೆಯುತ್ತದೆ. ಅದೂ ಹೆಚ್ಚೆನಿಸಿದರೆ ನಾಲ್ಕಾಣೆ, ಎರಡಾಣೆಯ ಬೆಳ್ಳಿ ನಾಣ್ಯಗಳಿಂದ ಆರಂಭಿಸಬಹುದು.

1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ಆಡಳಿತದಲ್ಲಿತ್ತು. ಆಳುವವರು ಬೇರೆಯಾದರೂ ಇಪ್ಪತ್ತನೆಯ ಶತಮಾನದಲ್ಲಿ ಇಲ್ಲೆಲ್ಲ ನಡೆದದ್ದು ಬ್ರಿಟಿಷ್ ಭಾರತದ ರೂಪಾಯಿಯೇ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರವೂ ಅದರಲ್ಲೇ ಸಾಗಿತು. ಅದರ ತೂಕ ಒಂದು ತೊಲೆ, ಅಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1947ರ ರೂಪಾಯಿ ನಿಕಲ್ಲಿನದು.

ಒಂದು ಎಚ್ಚರಿಕೆ. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕಲ್, ಸತುವುಗಳ ಮಿಶ್ರಲೋಹ. ಹೆಸರಲ್ಲಿ ಹೊರತು ಅದರಲ್ಲಿ ಬೆಳ್ಳಿಯಿಲ್ಲ. ಅದರಿಂದ ಅದೇ ಅಳತೆಯ ನಕಲಿ ರೂಪಾಯಿ ಮಾಡಿದರೆ ಹತ್ತು ಗ್ರಾಮಿನಷ್ಟೂ ತೂಗಲಾರದು. ಸವೆದ ಅಸಲಿ ನಾಣ್ಯ ಇಷ್ಟು ತೂಕ ಕಳೆದುಕೊಳ್ಳುವುದು ಅಪರೂಪ. ಆದ್ದರಿಂದ ಕೊಳ್ಳುವ ಮೊದಲು ಪತ್ತಾರರ ತಕ್ಕಡಿಯಲ್ಲಿ ತೂಗಿಸಿರಿ.

ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥ ನಾಣ್ಯವಿದ್ದರೆ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜಬೇಡಿರಿ. ಉಳಿದ ಅಕ್ಷರವೂ ಅಳಿಸೀತು. ಕರಗಿಸಲು ಹೊರಟರೆ ಹಿರಿಯರನ್ನು ವಿನಯದಿಂದ ತಡೆಯಿರಿ. ಕರಗಿದ ಮೇಲೆ ಬೆಳ್ಳಿ ಉಳಿಯುತ್ತದೆ, ಇಸವಿ ಉಳಿಯುವುದಿಲ್ಲ. ಆ ನಾಣ್ಯ ಮನೆಗೆ ಹೇಗೆ ಬಂತೆಂದು ಅಜ್ಜಿಯನ್ನು ಕೇಳಿ, ಇಸವಿ, ತೂಕಗಳೊಡನೆ ಒಂದು ವಹಿಯಲ್ಲಿ ಬರೆದಿಡಿರಿ. ನಿಮ್ಮ ಸಂಗ್ರಹ ಅಲ್ಲಿಂದಲೇ ಆರಂಭವಾಗಲಿ.